'ವಾಡಿಕೆ ಮಳೆ'ಯ ಲೆಕ್ಕಾಚಾರ: ಸರಾಸರಿ ಹೇಳದ ಸತ್ಯ, ಉಡುತಡಿ ಸೀಮೆಯ ಸಂಕಟ

ಜೂನ್ ತಿಂಗಳು ಕಾಲಿಡುತ್ತಿದ್ದಂತೆಯೇ ಪತ್ರಿಕೆಗಳ ಪುಟಗಳಲ್ಲಿ, ಟಿ.ವಿ. ಪರದೆಗಳ ಮೇಲೆ ಒಂದು ಪದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು 'ವಾಡಿಕೆ'. ವಾಡಿಕೆಗಿಂತ ಶೇ 12ರಷ್ಟು ಹೆಚ್ಚು ಮಳೆ, ವಾಡಿಕೆಗಿಂತ ಶೇ 23ರಷ್ಟು ಕೊರತೆ ಎಂಬ ಸಾಲುಗಳನ್ನು ನಗರದ ಓದುಗರು ಒಮ್ಮೆ ಕಣ್ಣಾಡಿಸಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮೆಕ್ಕೆಜೋಳದ ಬೆಳೆಗಾರನಿಗೆ ಈ ಅಂಕಿ ಬರಿಯ ಸುದ್ದಿಯಲ್ಲ. ಊರು ಬರಪೀಡಿತವೋ ಅಲ್ಲವೋ, ಬೆಳೆ ವಿಮೆಯ ಹಣ ಬರುವುದೋ ಇಲ್ಲವೋ, ಬಂದರೆ ಎಷ್ಟು ಎಂಬುದೆಲ್ಲ ಇಂತಹ ಒಂದೊಂದು ಅಂಕಿಯ ಆಚೀಚೆ ನಿರ್ಧಾರವಾಗುತ್ತದೆ.

ಹವಾಮಾನ ಇಲಾಖೆಯ ನಿಯಮ ಸರಳವಾಗಿದೆ. ಜಿಲ್ಲೆಯೊಂದರಲ್ಲಿ ಬಿದ್ದ ಮಳೆ ದೀರ್ಘಾವಧಿ ಸರಾಸರಿಗಿಂತ ಶೇ 19ರಷ್ಟು ಕಡಿಮೆಯಾದರೂ ಅದು 'ವಾಡಿಕೆ'. ಶೇ 20 ಕಡಿಮೆಯಾದರೆ 'ಕೊರತೆ'. ಶೇ 60ನ್ನು ಮುಟ್ಟಿದರೆ 'ಭಾರಿ ಕೊರತೆ'. ದೇಶದ ಯಾವ ಮೂಲೆಗೆ ಹೋದರೂ ಗೆರೆ ಇದೇ. ಚಿರಾಪುಂಜಿಗೂ ಇದೇ, ಚಳ್ಳಕೆರೆಗೂ ಇದೇ. ಒಂದು ಪ್ರದೇಶದ ಮಳೆ ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿಯುತ್ತದೆ ಎಂಬ ಪ್ರಶ್ನೆಯನ್ನು ಈ ಗೆರೆ ಕೇಳುವುದೇ ಇಲ್ಲ. ಸಂಖ್ಯಾಶಾಸ್ತ್ರವು ಸುಮಾರು ಮುನ್ನೂರು ವರ್ಷಗಳಿಂದ ಕೇಳುತ್ತ ಬಂದಿರುವುದು ಈ ಪ್ರಶ್ನೆಯನ್ನೇ.

ಪ್ರಶ್ನೆ ತೀವ್ರವಾಗಿ ಎದುರಾಗುವ ಸೀಮೆಗಳಲ್ಲಿ ಉಡುತಡಿಯ ಸುತ್ತಮುತ್ತಲ ಪ್ರದೇಶವೂ ಒಂದು. ಅಕ್ಕಮಹಾದೇವಿಯ ಹುಟ್ಟೂರೆಂದು ನಾಡಿಗೆಲ್ಲ ಪರಿಚಿತವಾಗಿರುವ ಉಡುತಡಿ, ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪಕ್ಕೆ ಹತ್ತಿರವಿದೆ. ಇಲ್ಲಿಂದ ದಕ್ಷಿಣಕ್ಕೆ, ಅದೇ ಜಿಲ್ಲೆಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಸರಿದಂತೆಲ್ಲ ಮಳೆ ಕುಸಿಯುತ್ತ ಹೋಗುತ್ತದೆ. ಸೊರಬದ ಪಶ್ಚಿಮ ಭಾಗ ಇನ್ನೂ ಮಲೆನಾಡು. ಶಿಕಾರಿಪುರದ ಪೂರ್ವದ ಅಂಚು ಬಹುಮಟ್ಟಿಗೆ ಬಯಲುಸೀಮೆ. ನಡುವೆ ಇರುವುದು ಅರೆಮಲೆನಾಡು. ಒಂದೇ ತಾಲ್ಲೂಕಿನ ಎರಡು ಹೋಬಳಿಗಳ ಮಳೆ ಬೇರೆ ಬೇರೆ, ಒಂದೇ ಹೋಬಳಿಯ ಎರಡು ವರ್ಷಗಳ ಮಳೆಯೂ ಬೇರೆ ಬೇರೆ. ಇಂತಹ ಕಡೆ 'ಸರಾಸರಿ' ಎಂಬುದು ಕಾಗದದ ಮೇಲಿನ ಮಾತಾಗಿ ಉಳಿದುಬಿಡುವ ಅಪಾಯ ಹೆಚ್ಚು.

ಕವಡೆಯಾಟದಿಂದ ಮುಂಗಾರಿನವರೆಗೆ

ಚೌಕಾಬಾರದ ನಾಲ್ಕು ಕವಡೆಗಳನ್ನು ನೆನಪಿಸಿಕೊಳ್ಳುವುದು ಇಲ್ಲಿ ಉಪಯುಕ್ತ. ಕವಡೆ ಬೋರಲಾಗಿಯೂ ಅಂಗಾತವಾಗಿಯೂ ಬೀಳುವ ಸಾಧ್ಯತೆ ಸಮ ಎಂದುಕೊಂಡರೆ ನಾಲ್ಕು ಕವಡೆಗಳು ಒಟ್ಟು 16 ರೀತಿಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಅಂಗಾತ, ಎರಡು ಬೋರಲು ಬೀಳುವ ಬಗೆ 6. ನಾಲ್ಕೂ ಅಂಗಾತ ಬೀಳುವ ಬಗೆ ಒಂದೇ ಒಂದು. ಆಟದಲ್ಲಿ ದೊಡ್ಡ ಗರ ಅಪರೂಪವಾಗಿರುವುದಕ್ಕೆ ಕಾರಣ ಇದೇ. ನಾಲ್ಕರ ಬದಲು ನೂರು ಕವಡೆ ಎಸೆದು, ಸಾವಿರ ಬಾರಿ ಫಲಿತಾಂಶ ಬರೆದಿಟ್ಟು ಗುಡ್ಡೆ ಹಾಕಿದರೆ ನಡುವೆ ಎತ್ತರವಾಗಿ, ಎರಡೂ ಬದಿಗೆ ಸಮನಾಗಿ ಇಳಿಯುವ ಗಂಟೆಯ ಆಕಾರ ಮೂಡುತ್ತದೆ. 1733ರಲ್ಲಿ ಅಬ್ರಹಾಂ ದ ಮ್ವಾವ್ರ್ ನಾಣ್ಯ ಚಿಮ್ಮುವ ಲೆಕ್ಕ ಮಾಡುತ್ತ ಕಂಡುಕೊಂಡದ್ದು ಈ ವಕ್ರರೇಖೆಯ ಸೂತ್ರವನ್ನೇ. 1809ರಲ್ಲಿ ಗಾಸ್ ಗ್ರಹಗಳ ವೀಕ್ಷಣೆಯ ತಪ್ಪುಗಳಿಗೆ ಅದನ್ನು ಅನ್ವಯಿಸಿದ. ನಮ್ಮ ಪಿಯುಸಿ ಪಠ್ಯಗಳಲ್ಲಿ ಇದಕ್ಕೆ 'ಪ್ರಸಾಮಾನ್ಯ ವಿತರಣೆ' ಎಂಬ ಹೆಸರಿದೆ.

ಈ ರೇಖೆಯನ್ನು ಅರಿಯಲು ಎರಡೇ ಸಂಖ್ಯೆ ಸಾಕು. ಒಂದು, ನಡುವಿನ ಬಿಂದುವಾದ ಸರಾಸರಿ. ಇನ್ನೊಂದು, ಹರಹು ಎಷ್ಟೆಂಬುದನ್ನು ತಿಳಿಸುವ ಮಾನಕ ವಿಚಲನೆ. ಸರಾಸರಿಯಿಂದ ಒಂದು ಮಾನಕ ವಿಚಲನೆಯಷ್ಟು ಆಚೀಚೆ ಶೇ 68ರಷ್ಟು ಫಲಿತಾಂಶಗಳು ಬರುತ್ತವೆ, ಎರಡರಷ್ಟು ಆಚೀಚೆ ಶೇ 95ರಷ್ಟು. ಒಂದು ಮಾನಕ ವಿಚಲನೆಗಿಂತ ಕೆಳಗೆ ಇಳಿಯುವುದು ಸುಮಾರು ಆರರಲ್ಲಿ ಒಂದು ಬಾರಿ, ಎರಡಕ್ಕಿಂತ ಕೆಳಗೆ ಇಳಿಯುವುದು ಸುಮಾರು 44ರಲ್ಲಿ ಒಂದು ಬಾರಿ. ಪರಸ್ಪರ ಅಂಟಿಕೊಳ್ಳದ ಅನೇಕ ಸಣ್ಣ ಕಾರಣಗಳು ಕೂಡಿ ಒಂದು ಮೊತ್ತವಾದಾಗ ಆ ಮೊತ್ತ ಈ ಆಕಾರವನ್ನು ತಾಳುತ್ತದೆ ಎಂಬುದು ಇದರ ಹಿಂದಿರುವ ಗಣಿತ.

ಭಾರತದ ಮುಂಗಾರನ್ನು ಇಡಿಯಾಗಿ ತೆಗೆದುಕೊಂಡರೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. 1971ರಿಂದ 2020ರವರೆಗಿನ ದಾಖಲೆಯಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಸರಾಸರಿ 87 ಸೆಂಟಿಮೀಟರ್ ಮಳೆ. ಮಾನಕ ವಿಚಲನೆ ಸುಮಾರು ಅದರ ಶೇ 10. ಅಂದರೆ ಶೇ 20ಕ್ಕಿಂತ ಹೆಚ್ಚಿನ ಕೊರತೆ ಎಂದರೆ ಎರಡು ಮಾನಕ ವಿಚಲನೆಗಿಂತ ಕೆಳಗಿನ ವರ್ಷ. 1901ರಿಂದ ಈಚೆಗೆ ಅಂತಹ ವರ್ಷಗಳು ಎಷ್ಟು ಬರಬೇಕೆಂದು ರೇಖೆಯನ್ನು ಕೇಳಿದರೆ ಸುಮಾರು ಮೂರು ಎನ್ನುತ್ತದೆ. ಬಂದದ್ದೂ ಮೂರೇ: 1918, 1972, 2009. ಶೇ 10ಕ್ಕಿಂತ ಹೆಚ್ಚಿನ ಕೊರತೆ ಆರು ವರ್ಷಕ್ಕೊಮ್ಮೆ ಬರಬೇಕು. 2001ರಿಂದ 2020ರವರೆಗಿನ 20 ವರ್ಷಗಳಲ್ಲಿ 2002, 2004, 2009, 2014, 2015 ಹೀಗೆ 5 ಬಾರಿ ಬಂತು, ರೇಖೆಯ ನಿರೀಕ್ಷೆ 3. ಇಷ್ಟು ವ್ಯತ್ಯಾಸ ಆಕಸ್ಮಿಕದ ಮಿತಿಯೊಳಗೇ ಇದೆ.

ದೇಶದ ಮಟ್ಟದಲ್ಲಿ ಶೇ 20ರ ಕೊರತೆ ಒಂದು ತಲೆಮಾರು ಮರೆಯಲಾಗದ ಬರ. ಅದೇ ಶೇ 20 ಜಿಲ್ಲೆಯ ಮಟ್ಟಕ್ಕೆ ಇಳಿದಾಗ ಏನಾಗುತ್ತದೆ? ಉದಾಹರಣೆಗಾಗಿ ಎರಡು ಪ್ರದೇಶಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ ಮಳೆಯ ಮಾನಕ ವಿಚಲನೆ ಸರಾಸರಿಯ ಶೇ 15, ಇನ್ನೊಂದರಲ್ಲಿ ಶೇ 30. ಮೊದಲನೆಯದರಲ್ಲಿ ಶೇ 20ರ ಕೊರತೆ 11 ವರ್ಷಕ್ಕೊಮ್ಮೆ ಬರುತ್ತದೆ, ಎರಡನೆಯದರಲ್ಲಿ 4 ವರ್ಷಕ್ಕೊಮ್ಮೆ. ಕರಾವಳಿಯಲ್ಲಿ ಹರಹು ಕಡಿಮೆ, ಒಳನಾಡಿನಲ್ಲಿ ಹೆಚ್ಚು ಎಂಬುದು ಹವಾಮಾನ ತಜ್ಞರಿಗೆ ಹೊಸ ವಿಷಯವಲ್ಲ. ಆದರೂ ಒಂದೇ ಅಳತೆಗೋಲು ಎರಡೂ ಕಡೆ ನಡೆಯುತ್ತಿದೆ. ಘಟ್ಟದ ಮೇಲಿನ ಊರಿಗೆ ಶೇ 20 ಕಡಿಮೆಯಾದರೂ ಸಾವಿರಾರು ಮಿಲಿಮೀಟರ್ ಮಳೆ ಬಿದ್ದಿರುತ್ತದೆ. ಶಿಕಾರಿಪುರದ ಪೂರ್ವದ ಹಳ್ಳಿಗೆ ಶೇ 18 ಕಡಿಮೆಯಾದರೂ, ಅದು ಬೇಕಾದ ಹದಿನೈದು ದಿನಗಳಲ್ಲೇ ಕೈಕೊಟ್ಟಿದ್ದರೆ, ಬೆಳೆ ಒಣಗಿರುತ್ತದೆ. ಮೊದಲನೆಯದು ಕಡತದಲ್ಲಿ ಕೊರತೆ, ಎರಡನೆಯದು ವಾಡಿಕೆ!

ಹಳ್ಳಿಯ ಮಳೆಗೆ ಗಂಟೆಯ ಆಕಾರವಿಲ್ಲ

ಇನ್ನೂ ಒಂದು ತೊಡಕಿದೆ. ದೇಶದ ನಾಲ್ಕು ತಿಂಗಳ ಮಳೆ ಗಂಟೆಯಾಕಾರದಲ್ಲಿ ಹರಡಿಕೊಳ್ಳುವುದು ಅದು ಸಾವಿರಾರು ಊರುಗಳ, ನೂರಿಪ್ಪತ್ತು ದಿನಗಳ ಮೊತ್ತವಾಗಿರುವುದರಿಂದ. ಒಂದೇ ಹಳ್ಳಿಯ ಒಂದೇ ವಾರದ ಮಳೆಗೆ ಆ ಭಾಗ್ಯವಿಲ್ಲ. ಮಳೆ ಸೊನ್ನೆಗಿಂತ ಕೆಳಗೆ ಇಳಿಯಲಾರದು, ಮೇಲಕ್ಕೆ ಮಾತ್ರ ಅದಕ್ಕೆ ಮಿತಿಯಿಲ್ಲ. ಹೀಗಾಗಿ ಬಹಳಷ್ಟು ವಾರಗಳು ಸೊನ್ನೆಯ ಹತ್ತಿರ ಗುಂಪುಗೂಡುತ್ತವೆ, ಕೆಲವೇ ವಾರಗಳು ಬಲಕ್ಕೆ ದೂರ ದೂರ ಚಾಚಿಕೊಳ್ಳುತ್ತವೆ. ಆಕಾರ ಗಂಟೆಯದಲ್ಲ, ಒಂದು ಕಡೆಗೆ ಉದ್ದ ಬಾಲವಿರುವ ಗುಡ್ಡೆಯದು.

ಇದರ ಪರಿಣಾಮ ವಿಚಿತ್ರವಾದದ್ದು. ಒಂದು ಊರಿನಲ್ಲಿ ಆಗಸ್ಟ್‌ನ ಒಂದು ನಿರ್ದಿಷ್ಟ ವಾರ ಐದು ವರ್ಷಗಳಲ್ಲಿ 10, 15, 20, 25 ಮತ್ತು 130 ಮಿಲಿಮೀಟರ್ ಮಳೆಯಾಯಿತು ಎಂದುಕೊಳ್ಳೋಣ. ಸರಾಸರಿ 40. ಐದರಲ್ಲಿ ನಾಲ್ಕು ವರ್ಷ ಮಳೆ ಸರಾಸರಿಯ ಅರ್ಧದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇದೆ. ಅಂದರೆ ಅಲ್ಲಿ ವಾಡಿಕೆಗಿಂತ ಕಡಿಮೆ ಮಳೆ ಬೀಳುವುದೇ ವಾಡಿಕೆ! ಒಂದು ವರ್ಷದ ಹುಚ್ಚು ಮಳೆ ಉಳಿದ ವರ್ಷಗಳ ಸರಾಸರಿಯನ್ನು ಎತ್ತಿ ಹಿಡಿದಿರುತ್ತದೆ. ಈ ಸಂದರ್ಭದಲ್ಲಿ ಸರಾಸರಿಗಿಂತ ನಡುವಿನ ಅಂಕಿ, ಅಂದರೆ ಅರ್ಧ ವರ್ಷಗಳು ಮೇಲೂ ಅರ್ಧ ವರ್ಷಗಳು ಕೆಳಗೂ ಇರುವ ಮಧ್ಯಾಂಕ, ರೈತನ ಅನುಭವಕ್ಕೆ ಹತ್ತಿರವಾದದ್ದು. ಈ ಉದಾಹರಣೆಯಲ್ಲಿ ಅದು 20.

'ನಾರ್ಮಲ್' ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ಕಾರ್ಲ್ ಪಿಯರ್ಸನ್‌ಗೆ ಮುಂದೆ ಆ ಹೆಸರಿನ ಬಗ್ಗೆಯೇ ಅಸಮಾಧಾನ ಉಂಟಾಯಿತು. ಉಳಿದ ವಿತರಣೆಗಳೆಲ್ಲ ಅಸಹಜ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ ಎಂಬುದು ಆತನ ಆಕ್ಷೇಪ. ಕನ್ನಡದ 'ವಾಡಿಕೆ'ಯೂ ಅದೇ ಭ್ರಮೆಯನ್ನು ಹುಟ್ಟಿಸುತ್ತಿದೆಯೆಂದರೆ ಅತಿಶಯೋಕ್ತಿಯಲ್ಲ.

2023ನೇ ಇಸವಿ ಇದಕ್ಕೆ ಸಾಕ್ಷಿ. ಆ ವರ್ಷ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 94ರಷ್ಟಾಯಿತು. ಮೊತ್ತವನ್ನಷ್ಟೇ ನೋಡಿದರೆ ಗಾಬರಿಪಡುವಂತಹದ್ದೇನಿಲ್ಲ. ಆದರೆ ಆ ಆಗಸ್ಟ್ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು, ದೇಶಕ್ಕೆ ಕೊರತೆ ಶೇ 36. ಕರ್ನಾಟಕದಲ್ಲಿ ಜೂನ್ ಕೈಕೊಟ್ಟು, ಜುಲೈ ಸುರಿದು, ಆಗಸ್ಟ್ ಮತ್ತೆ ಬತ್ತಿತು. ಜೂನ್ ಕೊನೆಯಲ್ಲೋ ಜುಲೈ ಮೊದಲಲ್ಲೋ ಬಿತ್ತಿದ ಮೆಕ್ಕೆಜೋಳ ಸೂಲಂಗಿ ಹೊರಟು, ತೆನೆಯಲ್ಲಿ ರೇಷ್ಮೆ ಬಿಡುವ ಹೊತ್ತು ಆಗಸ್ಟ್. ಆ ಬೆಳೆಗೆ ನೀರಿನ ಅಗತ್ಯ ಅತಿ ಹೆಚ್ಚಿರುವುದೂ ಆಗಲೇ. ಜುಲೈಯ ಹೆಚ್ಚುವರಿ ಮಳೆಯನ್ನು ಆಗಸ್ಟ್‌ನ ಖಾತೆಗೆ ವರ್ಗಾಯಿಸುವ ಸೌಲಭ್ಯ ಸರಾಸರಿಗೆ ಉಂಟು, ಹೊಲಕ್ಕಿಲ್ಲ.

ಆ ವರ್ಷ ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅವುಗಳಲ್ಲಿ 161 'ತೀವ್ರ', 34 'ಸಾಧಾರಣ'. ನಂತರ ಪಟ್ಟಿ ಬೆಳೆದು 223ಕ್ಕೆ ಮುಟ್ಟಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರದ ಹಣಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ರಾಜಕೀಯ ಆರೋಪ, ಪ್ರತ್ಯಾರೋಪಗಳ ಗದ್ದಲದಲ್ಲಿ ಮೂಲ ಪ್ರಶ್ನೆ ಮರೆಯಾಯಿತು: ತೀವ್ರಕ್ಕೂ ಸಾಧಾರಣಕ್ಕೂ ನಡುವಣ ಗೆರೆಯನ್ನು ಎಳೆಯುವುದು ಯಾವುದು?

2016ರ ಕೇಂದ್ರ ಬರ ಕೈಪಿಡಿ ಈ ದಿಸೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ ಎನ್ನಬೇಕು. ಬರಿಯ ಶೇಕಡಾವಾರು ಕೊರತೆಯ ಜೊತೆಗೆ ಸತತ ಮೂರು ನಾಲ್ಕು ವಾರಗಳ ಒಣಹವೆಯನ್ನೂ, 'ಪ್ರಮಾಣೀಕೃತ ಮಳೆ ಸೂಚ್ಯಂಕ'ವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಸ್‌ಪಿಐ ಎಂದು ಕರೆಯಲಾಗುವ ಈ ಸೂಚ್ಯಂಕವನ್ನು 1993ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಥಾಮಸ್ ಮೆಕೀ ಮತ್ತು ಸಂಗಡಿಗರು ರೂಪಿಸಿದರು. ಇದರ ಯುಕ್ತಿ ಸುಂದರವಾಗಿದೆ. ಮೊದಲು ಆ ಊರಿನ ಹಲವು ದಶಕಗಳ ಮಳೆಗೆ, ಒಂದೇ ಕಡೆ ಬಾಲವಿರುವ 'ಗ್ಯಾಮಾ' ಎಂಬ ರೇಖೆಯನ್ನು ಹೊಂದಿಸುತ್ತಾರೆ. ಈ ವರ್ಷದಷ್ಟು ಕಡಿಮೆ ಮಳೆ ಆ ಊರಿನಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ನೋಡುತ್ತಾರೆ. ಆ ಸಂಭವವನ್ನು ಗಂಟೆಯಾಕಾರದ ರೇಖೆಯ ಮೇಲೆ ಗುರುತಿಸುತ್ತಾರೆ. ಮೈನಸ್ 1ಕ್ಕಿಂತ ಕೆಳಗಿದ್ದರೆ ಸಾಧಾರಣ ಬರ, ಮೈನಸ್ 1.5ಕ್ಕಿಂತ ಕೆಳಗೆ ತೀವ್ರ, ಮೈನಸ್ 2ಕ್ಕಿಂತ ಕೆಳಗೆ ಅತಿತೀವ್ರ. ಹೀಗೆ ಆಗುಂಬೆಯ ಕೊರತೆಯನ್ನೂ ಶಿರಾಳಕೊಪ್ಪದ ಕೊರತೆಯನ್ನೂ ತಮ್ಮ ತಮ್ಮ ಊರಿನ ಸ್ವಭಾವಕ್ಕೆ ಅನುಗುಣವಾಗಿ ಹೋಲಿಸಲು ಸಾಧ್ಯವಾಗುತ್ತದೆ.

ಆದರೆ ಇದಕ್ಕೆ ಕನಿಷ್ಠ 30 ವರ್ಷಗಳ ದಾಖಲೆ ಬೇಕು. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಹೊಂದಿದೆ. ಬೇರೆ ರಾಜ್ಯಗಳಿಗೆ ಮಾದರಿಯಾದ ಸಾಧನೆ ಅದು, ಅನುಮಾನವಿಲ್ಲ. ಆದರೆ ತಾಲ್ಲೂಕು ಕೇಂದ್ರಗಳ ಹಳೆಯ ಮಳೆಮಾಪಕಗಳ ದಾಖಲೆ ದೀರ್ಘವಾಗಿರುವಂತೆ ಪಂಚಾಯಿತಿ ಯಂತ್ರಗಳದು ಇನ್ನೂ ಆಗಿಲ್ಲ. ಇಂದು ಬಿದ್ದ ಮಳೆ ಎಷ್ಟೆಂದು ಅವು ನಿಖರವಾಗಿ ಹೇಳುತ್ತವೆ. ಅದು ಆ ಊರಿಗೆ ಎಷ್ಟು ಅಪರೂಪದ್ದು ಎಂದು ಹೇಳಲು ಇನ್ನಷ್ಟು ವರ್ಷ ಕಾಯಬೇಕು.

ನಾಲ್ಕು ಕಟಾವು, ಒಂದು ಪಂಚಾಯಿತಿ

ಬರ ಘೋಷಣೆಯ ಪರಿಹಾರ ಎಷ್ಟಾದರೂ ಸಣ್ಣದು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಸೀಮಿತ, ಅದೂ ಹಾನಿ ಶೇ 33ಕ್ಕೆ ಮುಟ್ಟಿದ್ದರೆ. ರೈತ ನೆಚ್ಚಬೇಕಾದದ್ದು ಬೆಳೆ ವಿಮೆಯನ್ನು. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2. ನಷ್ಟವನ್ನು ಅಳೆಯುವುದು ಮಾತ್ರ ಆತನ ಹೊಲದಲ್ಲಲ್ಲ. ಪ್ರಮುಖ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿ ಒಂದು ಘಟಕ. ಆ ಪಂಚಾಯಿತಿಯ ಇಳುವರಿ ಪೂರ್ವನಿಗದಿತ ಇಳುವರಿಗಿಂತ ಕೆಳಗೆ ಇಳಿದರೆ, ಇಳಿದ ಪ್ರಮಾಣದಷ್ಟು ಪರಿಹಾರ ಎಲ್ಲರಿಗೂ. ಇಳಿಯದಿದ್ದರೆ ಯಾರಿಗೂ ಇಲ್ಲ.

ಆ ಪೂರ್ವನಿಗದಿತ ಇಳುವರಿಯ ಸೂತ್ರ ಹೀಗಿದೆ: ಹಿಂದಿನ 7 ವರ್ಷಗಳಲ್ಲಿ ಅತ್ಯುತ್ತಮವಾದ 5 ವರ್ಷಗಳ ಸರಾಸರಿ, ಅದರ ಶೇ 70, 80 ಅಥವಾ 90. ಕೆಟ್ಟ ಎರಡು ವರ್ಷಗಳನ್ನು ಕೈಬಿಡುವುದು ರೈತಪರ ಕ್ರಮ. ಎಷ್ಟು ರೈತಪರ ಎಂಬುದು ಮತ್ತೆ ಹರಹನ್ನು ಅವಲಂಬಿಸುತ್ತದೆ. ಇಳುವರಿ ಗಂಟೆಯಾಕಾರದಲ್ಲಿ ಹರಡಿದೆ ಎಂದುಕೊಂಡು, ಶೇ 80ರ ಮಟ್ಟವನ್ನು ಹಿಡಿದು ಲೆಕ್ಕ ಹಾಕಿದರೆ, ಮಾನಕ ವಿಚಲನೆ ಸರಾಸರಿಯ ಶೇ 10 ಇರುವ ಪಂಚಾಯಿತಿಯಲ್ಲಿ ಪರಿಹಾರ 20 ವರ್ಷಕ್ಕೊಮ್ಮೆ ಬರುತ್ತದೆ. ಶೇ 25 ಇರುವ ಕಡೆ 3 ವರ್ಷಕ್ಕೊಮ್ಮೆ. ಕೆರೆ, ಕಾಲುವೆಯ ನೀರಿರುವ ಊರಿಗೂ ಮಳೆಯನ್ನೇ ನಂಬಿದ ಊರಿಗೂ ರೈತನ ಕಂತಿನ ದರ ಒಂದೇ. 'ನಾವು ಕಟ್ಟಿದ್ದೇ ಬಂತು, ಕಂಪನಿಯವರು ಕೊಟ್ಟಿದ್ದು ಕಾಣೆ' ಎಂಬ ದೂರು ನೀರಾವರಿ ಇರುವ ಊರುಗಳಿಂದ ಕೇಳಿಬಂದರೆ ಅದರಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ. ಸೂತ್ರವೇ ಹಾಗಿದೆ.

ಈ ಸಾಲಿನ ಇಳುವರಿಯನ್ನು ಅಳೆಯುವುದು 'ಬೆಳೆ ಕಟಾವು ಪ್ರಯೋಗ'ದಿಂದ. ಪಂಚಾಯಿತಿಗೆ ಒಂದು ಪ್ರಮುಖ ಬೆಳೆಗೆ 4 ಪ್ರಯೋಗ. ಯಾದೃಚ್ಛಿಕವಾಗಿ ಆರಿಸಿದ ಸರ್ವೆ ನಂಬರುಗಳಲ್ಲಿ ನಿಗದಿತ ಅಳತೆಯ ತಾಕನ್ನು ಗುರುತಿಸಿ, ಕೊಯ್ದು, ತೂಗುತ್ತಾರೆ. ಈ ವಿಧಾನಕ್ಕೆ ನಮ್ಮ ದೇಶದಲ್ಲಿ ಗೌರವಾನ್ವಿತ ಇತಿಹಾಸವಿದೆ. 1920ರ ದಶಕದಲ್ಲಿ ಬಿಹಾರ-ಒರಿಸ್ಸಾ ಪ್ರಾಂತ್ಯದಲ್ಲಿ ಅಧಿಕಾರಿ ಜೆ.ಎ. ಹಬ್ಯಾಕ್ ಭತ್ತದ ಇಳುವರಿಗೆ ಇದನ್ನು ಪ್ರಯೋಗಿಸಿದರು. ಮುಂದೆ ಪಿ.ಸಿ. ಮಹಾಲನೋಬಿಸ್ ಬಂಗಾಳದಲ್ಲೂ, ಪಿ.ವಿ. ಸುಖಾತ್ಮೆ ಕೃಷಿ ಸಂಶೋಧನಾ ಪರಿಷತ್ತಿನ ಮೂಲಕ ದೇಶದ ಇತರೆಡೆಯೂ ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಆದರೆ ಅವರು ಅಳೆಯಹೊರಟಿದ್ದು ಜಿಲ್ಲೆಯ, ಪ್ರಾಂತ್ಯದ ಇಳುವರಿಯನ್ನು. ನೂರಾರು ತಾಕುಗಳ ಸರಾಸರಿಯಲ್ಲಿ ಒಂದೊಂದರ ಏರುಪೇರು ಕರಗಿಹೋಗುತ್ತದೆ. ನಾಲ್ಕೇ ತಾಕುಗಳಲ್ಲಿ ಅದು ಕರಗುವುದಿಲ್ಲ.

ಎಷ್ಟು ಉಳಿಯುತ್ತದೆ ಎಂಬುದಕ್ಕೂ ಗಂಟೆಯ ರೇಖೆಯಲ್ಲಿ ಉತ್ತರವಿದೆ. ನಾಲ್ಕು ತಾಕುಗಳ ಸರಾಸರಿಯ ಏರುಪೇರು ಒಂದು ತಾಕಿನ ಏರುಪೇರಿನ ಅರ್ಧ. ಅದನ್ನು ಮತ್ತೆ ಅರ್ಧಕ್ಕೆ ಇಳಿಸಬೇಕಾದರೆ ಎಂಟು ತಾಕು ಸಾಲದು, 16 ಬೇಕು. ಒಂದೇ ಪಂಚಾಯಿತಿಯೊಳಗೆ ಹೊಲದಿಂದ ಹೊಲಕ್ಕೆ ಮೆಕ್ಕೆಜೋಳದ ಇಳುವರಿ ಶೇ 30ರಷ್ಟು ಮಾನಕ ವಿಚಲನೆಯಿಂದ ಏರಿಳಿಯುತ್ತದೆ ಎಂದುಕೊಂಡರೆ (ತಗ್ಗಿನ ಹೊಲ, ದಿಬ್ಬದ ಹೊಲ, ಗೊಬ್ಬರ ಕಂಡ ಹೊಲ, 2018ರಲ್ಲಿ ಶಿವಮೊಗ್ಗದಲ್ಲೇ ದೇಶಕ್ಕೆ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳು ಹೊಕ್ಕ ಹೊಲ ಎಲ್ಲವೂ ಇರುವಲ್ಲಿ ಇದು ಅಸಂಭವದ ಅಂಕಿಯಲ್ಲ), ನಾಲ್ಕರ ಸರಾಸರಿ ಶೇ 15ರಷ್ಟು ಏರಿಳಿಯುತ್ತದೆ. ಪಂಚಾಯಿತಿಯ ನಿಜವಾದ ಇಳುವರಿ ನಿಗದಿತ ಮಟ್ಟದ ಶೇ 90 ಇದೆಯೆನ್ನೋಣ. ಪರಿಹಾರ ಬರಲೇಬೇಕು. ಆದರೂ ಆಯ್ಕೆಯಾದ ನಾಲ್ಕು ತಾಕುಗಳು ಸ್ವಲ್ಪ ಒಳ್ಳೆಯವಾಗಿದ್ದು, ಅಳತೆ ಮಟ್ಟವನ್ನು ದಾಟಿಬಿಡುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಇದರ ಇನ್ನೊಂದು ಮುಖವೂ ಉಂಟು. ಶೇ 110ರಷ್ಟು ಬೆಳೆದ ಪಂಚಾಯಿತಿಯಲ್ಲಿ ನಾಲ್ಕು ಕಳಪೆ ತಾಕುಗಳು ಸಿಕ್ಕಿ ಅರ್ಹತೆಯಿಲ್ಲದ ಪರಿಹಾರ ಬರುವ ಸಂಭವವೂ ಹೆಚ್ಚುಕಡಿಮೆ ಅಷ್ಟೇ. 16 ತಾಕು ಕೊಯ್ದರೆ ಮೊದಲ ತಪ್ಪಿನ ಸಂಭವ 14ರಲ್ಲಿ ಒಂದಕ್ಕೆ ಇಳಿಯುತ್ತದೆ.

ವಿಮಾ ಕಂಪನಿಗೆ ಈ ತಪ್ಪುಗಳು ಅಷ್ಟಾಗಿ ಬಾಧಿಸುವುದಿಲ್ಲ. ಒಂದು ಪಂಚಾಯಿತಿಯಲ್ಲಿ ಉಳಿದದ್ದು ಇನ್ನೊಂದರಲ್ಲಿ ಹೋಗುತ್ತದೆ. ಅದರ ಬಳಿ ನೂರಾರು ಪಂಚಾಯಿತಿಗಳಿವೆ. ರೈತನ ಬಳಿ ಇರುವುದು ಒಂದೇ ಪಂಚಾಯಿತಿ, ಒಂದೇ ಬೆಳೆ. ಪಕ್ಕದ ಪಂಚಾಯಿತಿಗೆ ಹಣ ಬಂದು ತನಗೆ ಬಾರದಿದ್ದಾಗ ಆತನಿಗೆ ಕಾಣುವುದು ಅಧಿಕಾರಿಯ ಪಕ್ಷಪಾತ ಅಥವಾ ರಾಜಕಾರಣಿಯ ಕೈವಾಡ. ಕೆಲವೊಮ್ಮೆ ಅದು ನಿಜವೂ ಇರಬಹುದು. ಹಲವೊಮ್ಮೆ ಅದು ನಾಲ್ಕು ಕವಡೆಗಳ ಆಟ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಆಧಾರಿತ ಅಂದಾಜಿಗೆ ಶೇ 30ರ ತೂಕ ನೀಡಲಾಗುತ್ತಿದೆ. ಶಿಕಾರಿಪುರದ ಹೊಲಗಳನ್ನು ಆವರಿಸಿರುವ ಮೆಕ್ಕೆಜೋಳ ಆ ಪಟ್ಟಿಯೊಂದಿಗೆ ಆರಂಭವಾಗಲಿಲ್ಲ.

ತಾಳಗುಂದದ ಕೆರೆ

ಸರಾಸರಿ ಬದಲಾಗದೆಯೇ ಹರಹು ಬದಲಾದರೆ? ಇದು ಕಲ್ಪನೆಯಲ್ಲ. ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ, 1951ರಿಂದ 2000ದವರೆಗೆ ಮಧ್ಯಭಾರತದಲ್ಲಿ ಮುಂಗಾರಿನ ಸರಾಸರಿ ಗಮನಾರ್ಹವಾಗಿ ಬದಲಾಗಿಲ್ಲವೆಂದೂ, ಆದರೆ ಅತಿ ಭಾರಿ ಮಳೆಯ ಪ್ರಸಂಗಗಳು ಹೆಚ್ಚಿ, ಮಧ್ಯಮ ಮಳೆಯ ಪ್ರಸಂಗಗಳು ತಗ್ಗಿವೆಯೆಂದೂ ತೋರಿಸಿತು. ಒಂದು ಇನ್ನೊಂದನ್ನು ಸರಿದೂಗಿಸಿದ್ದರಿಂದ ಸರಾಸರಿ ಅಲುಗಲಿಲ್ಲ. ಗುಡ್ಡೆಯ ನಡುಭಾಗ ಕರಗಿ ಅಂಚುಗಳು ದಪ್ಪವಾದಾಗ ಸರಾಸರಿಯನ್ನಷ್ಟೇ ನೋಡುವ ಕಣ್ಣಿಗೆ ಏನೂ ಆಗಿಲ್ಲ. ಕರ್ನಾಟಕದ ಅರೆಮಲೆನಾಡಿಗೆ ಇದು ಯಥಾವತ್ತಾಗಿ ಅನ್ವಯಿಸುತ್ತದೆ ಎನ್ನಲಾಗದು. ಆದರೆ ಎಲ್ಲಿ ನೋಡಬೇಕು ಎಂಬುದನ್ನು ಅದು ತೋರಿಸಿಕೊಟ್ಟಿದೆ. ಪಂಚಾಯಿತಿವಾರು 'ವಾಡಿಕೆ'ಯ ಪಕ್ಕದಲ್ಲೇ ಮಧ್ಯಾಂಕವನ್ನೂ ಮಾನಕ ವಿಚಲನೆಯನ್ನೂ ಪ್ರಕಟಿಸುವುದು, ವಿಮೆಯ ನಿಗದಿತ ಇಳುವರಿಯ ಜೊತೆಗೆ ಅದರ ಹಿಂದಿನ ಏಳು ವರ್ಷಗಳ ಅಂಕಿಯನ್ನೂ, ನಾಲ್ಕು ತಾಕುಗಳ ಬಿಡಿಬಿಡಿ ತೂಕವನ್ನೂ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವುದು ಹೆಚ್ಚು ಖರ್ಚಿನ ಕೆಲಸವೇನಲ್ಲ.

ಹರಹಿನ ಸಮಸ್ಯೆಗೆ ಈ ಸೀಮೆ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತ್ತು. ಶಿರಾಳಕೊಪ್ಪದ ಸಮೀಪದ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿನ ಐದನೇ ಶತಮಾನದ ಸ್ತಂಭ ಶಾಸನ, ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಕೆರೆ ಮಳೆಯನ್ನು ಹೆಚ್ಚಿಸುವುದಿಲ್ಲ. ಸರಾಸರಿ ಅಷ್ಟೇ ಇರುತ್ತದೆ. ಜುಲೈಯ ನೀರನ್ನು ಆಗಸ್ಟ್‌ಗೆ ಕೊಂಡೊಯ್ದು ಹರಹನ್ನು ತಗ್ಗಿಸುವುದಷ್ಟೇ ಅದರ ಕೆಲಸ. ಶಿಕಾರಿಪುರ ಮತ್ತು ಸೊರಬಗಳಲ್ಲಿ ಇಂತಹ ನೂರಾರು ಕೆರೆಗಳಿವೆ. ಅನೇಕವು ಹೂಳು ತುಂಬಿಕೊಂಡಿವೆ.

ಈಚಿನ ವರ್ಷಗಳಲ್ಲಿ ಸರ್ಕಾರ ಹಿಡಿದಿರುವ ದಾರಿ ಏತ ನೀರಾವರಿಯದು. ಉಡುಗಣಿ–ತಾಳಗುಂದ–ಹೊಸೂರು ಯೋಜನೆ ತುಂಗಭದ್ರೆಯಿಂದ ನೀರೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಉದ್ದೇಶದ್ದು. ಸೊರಬದ ಮೂಡಿ ಮತ್ತು ಮೂಗೂರು ಯೋಜನೆಗಳು ವರದೆಯನ್ನು ನಂಬಿವೆ. ಊರಿನ ಮಳೆ ಕೈಕೊಟ್ಟಾಗ ದೂರದ ನದಿ ಕೈಹಿಡಿಯಲಿ ಎಂಬ ಆಲೋಚನೆ ಸಂಖ್ಯಾಶಾಸ್ತ್ರಕ್ಕೆ ಸಮ್ಮತವಾದದ್ದೇ. ಎರಡು ಮೂಲಗಳು ಸ್ವತಂತ್ರವಾಗಿದ್ದರೆ ಎರಡೂ ಒಟ್ಟಿಗೆ ಬತ್ತುವುದು ಅಪರೂಪ. ಆದರೆ ತುಂಗೆ, ಭದ್ರೆ, ವರದೆ ಮೂರೂ ಹುಟ್ಟುವುದು ಅದೇ ಘಟ್ಟದ ಸಾಲಿನಲ್ಲಿ, ತುಂಬುವುದು ಅದೇ ಮುಂಗಾರಿನಿಂದ. 2023ರ ಆಗಸ್ಟ್‌ನಲ್ಲಿ ಮಳೆಯಿಲ್ಲದೆ ಹೋದದ್ದು ಶಿರಾಳಕೊಪ್ಪದ ಹೊಲಗಳಿಗೆ ಮಾತ್ರವಲ್ಲ, ಆ ಘಟ್ಟಕ್ಕೂ ಕೂಡ.